ಕಾರ್ಮಾನ್ಯೋಲದ ದಳಪತಿ



ಪ್ರತಿಯೊಂದು ಕೇರಿಯಲ್ಲಿಯೂ ಅಂತಹ ಒಬ್ಬ ಹುಡುಗನಿರುವುದುಂಟು. ಸೀಬೆಯ ಮರಕ್ಕೆ ಕಲ್ಲು ಬಿದ್ದರೆ, ನಲ್ಲಿಯ ತಿರುಪು ಕಾಣೆಯಾದರೆ, ಕಿಟಕಿಯ ಗಾಜು ಒಡೆದರೆ, ವಿಚಾರಣೆಗೆ ಮುಂಚೆಯೇ ಅವನ ಹೆಸರು ನಮ್ಮ ನಾಲಗೆಗೆ ಬರುತ್ತದೆ. ಅವನಿಗೆ ನಾವು ದಯಪಾಲಿಸಿರುವ ಬಿರುದುಗಳೂ ಬೇಕಾದಷ್ಟಿವೆ: ಪೋಲಿ, ಪುಂಡ, ಪೋಕರಿ, ದಂಡಪಿಂಡ. ನಮ್ಮ ಮಕ್ಕಳಿಗೆ ಅವನ ಸಹವಾಸ ಬೇಡವೆನ್ನುತ್ತೇವೆ. ಅವನ ತಾಯಿ ಎದುರಾದರೆ ಒಂದೆರಡು ಬುದ್ಧಿಮಾತನ್ನೂ ಹೇಳುತ್ತೇವೆ. ಅಲ್ಲಿಗೆ ನೆರೆಹೊರೆಯ ಧರ್ಮ ತೀರಿತೆಂದು ಬಾಗಿಲು ಹಾಕಿಕೊಳ್ಳುತ್ತೇವೆ. ಆಮೇಲೆ ಆ ಹುಡುಗನಿಗೆ ಏನಾಗುತ್ತದೆಂಬುದು ಪೋಲೀಸಿನವರ ಸಮಾಚಾರ, ನಮ್ಮದಲ್ಲ.

ಇಂತಹ ಹುಡುಗನನ್ನು ತಮ್ಮ ಸಮಾಚಾರವೆಂದೇ ತಿಳಿದ ಜನರೂ ಲೋಕದಲ್ಲಿ ಇದ್ದರು, ಇದ್ದಾರೆ. ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕಾಮುದ್ರಕನೊಬ್ಬನಿದ್ದ. ವಾರದ ಆರು ದಿನ ಕಾರ್ಖಾನೆಗಳಲ್ಲಿ ದುಡಿದು ಭಾನುವಾರ ಬೀದಿಯಲ್ಲಿ ದಾಂಧಲೆ ಮಾಡುತ್ತಿದ್ದ ಮಕ್ಕಳನ್ನು ನೋಡಿ, 1780ರಲ್ಲಿ ಆತ ಭಾನುವಾರದ ಶಾಲೆಯನ್ನು ತೆರೆಯಿಸಿದ. ಅದು ದೇಶದಲ್ಲೆಲ್ಲ ಹಬ್ಬಿತು. ಆದರೆ ರೈಕ್ಸನ ಕಥೆ ಶಾಲೆಗಳ ಕಥೆ. ನಾವು ಈ ಹೊತ್ತು ಹೇಳಬೇಕೆಂದಿರುವುದು ಒಬ್ಬ ಹುಡುಗನ ಕಥೆಯನ್ನು. ಅದಕ್ಕಾಗಿ ಇಟಲಿಯ ಟುರಿನ್ ನಗರಕ್ಕೆ ಹೋಗಬೇಕು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಟುರಿನ್ ಬೇಗ ಬೇಗ ಬೆಳೆಯುತ್ತಿದ್ದ ಊರು. ಕಟ್ಟಡಗಳು ಏಳುತ್ತಿದ್ದುವು, ಕಟ್ಟುವ ಕೈಗಳು ಬೇಕಾಗಿದ್ದುವು. ಬೆಟ್ಟಸೀಮೆಯ ಹಳ್ಳಿಗಳಿಂದ ಬಡವರ ಮಕ್ಕಳು ಗಾರೆ ಹೊರುವುದಕ್ಕೂ, ಹೊಗೆಗೂಡು ಗುಡಿಸುವುದಕ್ಕೂ ತಂಡ ತಂಡವಾಗಿ ಬಂದು ಸೇರುತ್ತಿದ್ದರು. ತಂದೆತಾಯಿಗಳು ಹಳ್ಳಿಯಲ್ಲಿ, ಇಲ್ಲವೆ ಇಲ್ಲವೇ ಇಲ್ಲ. ಕೆಲಸವಿದ್ದ ದಿನ ಮೇಸ್ತ್ರಿಯ ಬೈಗುಳ, ಕೆಲಸವಿಲ್ಲದ ದಿನ ಬೀದಿ. ಈ ಊರಿಗೆ 1841ರಲ್ಲಿ ಜಾನ್ ಬಾಸ್ಕೊ ಎಂಬ ಇಪ್ಪತ್ತಾರು ವರ್ಷದ ಕ್ಯಾಥೊಲಿಕ್ ಪಾದ್ರಿ ಬಂದ. ಅಲ್ಲಿಯ ರೂಢಿಯಂತೆ ಜನ ಅವನನ್ನು ಡಾನ್ ಬಾಸ್ಕೊ ಎಂದರು. ರೈತರ ಮನೆಯವನು, ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡವನು, ಹುಡುಗನಾಗಿದ್ದಾಗ ಹಗ್ಗದ ಮೇಲೆ ನಡೆಯುವ ದೊಂಬರಾಟವನ್ನು ಕಲಿತು ಹಳ್ಳಿಯ ಮಕ್ಕಳನ್ನು ಸೇರಿಸುತ್ತಿದ್ದವನು.

ಗುರುಗಳಾದ ಕಫಾಸ್ಸೊ ಎಂಬುವರು ಅವನನ್ನು ಸೆರೆಮನೆಗಳಿಗೆ ಕರೆದುಕೊಂಡು ಹೋದರು. ಅಲ್ಲಿ ಹನ್ನೆರಡರಿಂದ ಹದಿನೆಂಟು ವರ್ಷದ ಹುಡುಗರು ಗುಂಪು ಗುಂಪಾಗಿ ಹುಳು ಹುಪ್ಪಟೆಗಳ ನಡುವೆ ಬಿದ್ದಿದ್ದರು. ಅವನ ಮನಸ್ಸಿಗೆ ನಾಟಿದುದು ಇದಕ್ಕಿಂತಲೂ ಇನ್ನೊಂದು ಸಂಗತಿ. ಒಳ್ಳೆಯವರಾಗುತ್ತೇವೆಂದು ಮನಸಾರೆ ನಿಶ್ಚಯಿಸಿ ಬಿಡುಗಡೆ ಹೊಂದಿದ ಹುಡುಗರು ಕೆಲವು ದಿನಗಳಲ್ಲಿಯೇ ಪುನಃ ಅದೇ ಬಾಗಿಲಿನಲ್ಲಿ ಒಳಕ್ಕೆ ಬರುತ್ತಿದ್ದರು. ಏಕೆ? ಹೊರಗೆ ಅವರಿಗಾಗಿ ಕಾದು ನಿಂತಿರುವವರು ಒಬ್ಬರೂ ಇರಲಿಲ್ಲ. ಈ ಹುಡುಗರಿಗೆ ಹೊರಗೆ ಒಬ್ಬ ಸ್ನೇಹಿತನಿದ್ದಿದ್ದರೆ ಇವರು ಇಲ್ಲಿ ಇರುತ್ತಿದ್ದರೆ ಎಂದು ಅವನು ತನ್ನನ್ನು ತಾನೇ ಕೇಳಿಕೊಂಡ. ಮುಂದಿನ ನಲವತ್ತಾರು ವರ್ಷ ಅವನು ಮಾಡಿದುದೆಲ್ಲವೂ ಈ ಪ್ರಶ್ನೆಗೆ ಉತ್ತರವೆನ್ನಬಹುದು.

ಆ ವರ್ಷ ಡಿಸೆಂಬರ್ 8ರಂದು, ಚರ್ಚಿನ ಪರಿಚಾರಕನೊಬ್ಬನು ಪೂಜೆಗೆ ನೆರವಾಗಲು ಬಾರದ ಒಬ್ಬ ಹುಡುಗನನ್ನು ಕೋಲಿನಿಂದ ಹೊಡೆದು ಅಟ್ಟುತ್ತಿದ್ದುದನ್ನು ಡಾನ್ ಬಾಸ್ಕೊ ಕಂಡ. ಅವನು ನನ್ನ ಸ್ನೇಹಿತ, ಕರೆದು ತಾ ಎಂದ. ಹುಡುಗ ಗಾರೆಯ ಕೆಲಸದವನು, ಅನಾಥ, ಓದು ಬರಹ ಬಾರದವನು. ಅವನೊಡನೆ ನಾಲ್ಕು ಮಾತನಾಡಿ, ಮುಂದಿನ ವಾರ ಬಾ ಎಂದು ಕಳುಹಿಸಿದ. ಅವನು ಸ್ನೇಹಿತರನ್ನು ಕರೆತಂದ; ಅವರು ತಮ್ಮ ಸ್ನೇಹಿತರನ್ನು ಕರೆತಂದರು. ಕೆಲವು ವರ್ಷಗಳಲ್ಲಿ ಅವರು ನೂರಾರು ಮಂದಿಯಾದರು. ಪ್ರಾರ್ಥನೆ, ಒಂದಿಷ್ಟು ಪಾಠ, ಬೇಕಾದಷ್ಟು ಆಟ: ಇದೇ ಅವರ ಭಾನುವಾರ.

ಇಲ್ಲಿ ನೆರೆಹೊರೆಯವರ ಪ್ರಸ್ತಾಪ ಬರುತ್ತದೆ. ನೂರಾರು ಹುಡುಗರು ಒಂದೆಡೆ ಸೇರಿ ಕೂಗಾಡಿದರೆ ಪಕ್ಕದ ಮನೆಯವರು ಏನು ಮಾಡುತ್ತಾರೋ ಟುರಿನ್ನಿನವರೂ ಅದನ್ನೇ ಮಾಡಿದರು, ಅರ್ಜಿ ಬರೆದರು. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಅವರನ್ನು ಓಡಿಸಿದರು. ನಗರದ ಅಧಿಕಾರಿಗಳಿಗೆ ಇದು ರಾಜಕೀಯದ ಗುಂಪೋ ಏನೋ ಎಂಬ ಸಂದೇಹ ಹುಟ್ಟಿತು. ಪಾದ್ರಿಗೆ ಬುದ್ಧಿಭ್ರಮಣೆಯಾಗಿದೆಯೆಂದು ಅವನ ಸಹೋದ್ಯೋಗಿಗಳೇ ಆಡಿಕೊಂಡರು. ಕೊನೆಗೆ 1846ರ ಈಸ್ಟರ್ ಹಬ್ಬದ ದಿನ ಊರಾಚೆಯ ವಾಲ್ದೊಕ್ಕೊ ಎಂಬಲ್ಲಿ ಒಂದು ತಗ್ಗುಮಾಡಿನ ಕೊಟ್ಟಿಗೆ ಬಾಡಿಗೆಗೆ ದೊರೆಯಿತು. ಅದೇ ಮುಂದೆ ದೊಡ್ಡ ಸಂಸ್ಥೆಯಾಯಿತು. ಅದೇ ವರ್ಷದ ನವೆಂಬರಿನಲ್ಲಿ ಅವನ ತಾಯಿ ಮಾರ್ಗರೀಟ, ಹಳ್ಳಿಯ ಮನೆಯನ್ನು ಬಿಟ್ಟು, ಐವತ್ತೆಂಟನೆಯ ವಯಸ್ಸಿನಲ್ಲಿ ಈ ಹುಡುಗರಿಗೆ ಅಡಿಗೆ ಮಾಡಿ ಹಾಕುವುದಕ್ಕೂ ಬಟ್ಟೆ ಹೊಲಿಯುವುದಕ್ಕೂ ಬಂದಳು.

ಇದೆಲ್ಲ ಹೂವಿನ ಹಾದಿಯೆಂದು ಯಾರೂ ತಿಳಿಯಬಾರದು. ನೆಲೆಯಿಲ್ಲದ ಕೆಲವು ಹುಡುಗರಿಗೆ ಡಾನ್ ಬಾಸ್ಕೊ ಮೊದಮೊದಲು ಹುಲ್ಲಟ್ಟದಲ್ಲಿ ಮಲಗಲು ಜಾಗ ಕೊಟ್ಟಾಗ, ಅವರು ಬೆಳಗಾಗುವ ಮೊದಲೇ ಹೊದಿಕೆಗಳನ್ನು ಎತ್ತಿಕೊಂಡು ಪರಾರಿಯಾದರು. ಇನ್ನೊಂದು ದಿನ ಹುಡುಗರು ಯುದ್ಧದಾಟವಾಡುತ್ತ ಮುದುಕಿ ಬೆಳೆಸಿದ ತರಕಾರಿಯ ಪಾತಿಗಳನ್ನೆಲ್ಲ ತುಳಿದು ನೆಲಸಮ ಮಾಡಿದರು. ಇನ್ನು ನನ್ನಿಂದಾಗದು, ಊರಿಗೆ ಹೋಗುತ್ತೇನೆಂದು ಮಾರ್ಗರೀಟ ಹೊರಟು ನಿಂತಳು. ಮಗನು ಮರುಮಾತನಾಡದೆ ಗೋಡೆಯ ಮೇಲಿದ್ದ ಶಿಲುಬೆಯ ಕಡೆಗೆ ಬೆರಳು ತೋರಿಸಿದನಂತೆ. ಆಕೆ ಉಳಿದಳು, 1856ರಲ್ಲಿ ತೀರಿಕೊಳ್ಳುವವರೆಗೂ ಉಳಿದಳು. ಧರ್ಮಕಾರ್ಯಗಳ ಚರಿತ್ರೆಯಲ್ಲಿ ಮಗನ ಹೆಸರು ದೊಡ್ಡದಾಗಿರುತ್ತದೆ. ಪಾತ್ರೆ ತಿಕ್ಕಿದವರ ಹೆಸರು ಅಡಿಟಿಪ್ಪಣಿಯಲ್ಲಿರುತ್ತದೆ. ಇಲ್ಲಿ ಆ ಜನ ಆಕೆಯನ್ನು ಮರೆತಿಲ್ಲವೆಂಬುದು ಸಂತೋಷದ ಸಂಗತಿ.

ಇನ್ನು ನಮ್ಮ ಹುಡುಗನ ವಿಷಯ. 1857ರ ಶರತ್ಕಾಲದ ಒಂದು ಸಂಜೆ. ಟುರಿನ್ನಿನ ದಕ್ಷಿಣಕ್ಕಿರುವ ಕಾರ್ಮಾನ್ಯೋಲ ಎಂಬ ಊರಿನ ರೈಲು ನಿಲ್ದಾಣದಲ್ಲಿ ಡಾನ್ ಬಾಸ್ಕೊ ಗಾಡಿಗಾಗಿ ಕಾಯುತ್ತಿದ್ದ. ಮಂಜು ಕವಿದಿತ್ತು. ಆ ಮಂಜಿನೊಳಗಿಂದ ಹುಡುಗರ ಗದ್ದಲ ಕೇಳಿಸಿತು. ಆ ಗದ್ದಲದಲ್ಲಿ ಒಂದು ಕಂಠ ಉಳಿದೆಲ್ಲವನ್ನೂ ಮೀರಿ ಅಪ್ಪಣೆ ಕೊಡುತ್ತಿದ್ದಿತು. ಪಾದ್ರಿ ಆ ಕಡೆಗೆ ನಡೆದ. ಕಪ್ಪು ನಿಲುವಂಗಿಯನ್ನು ಕಂಡು ಹುಡುಗರೆಲ್ಲ ದಿಕ್ಕಾಪಾಲಾದರು. ಒಬ್ಬನು ಮಾತ್ರ ಓಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದು, ನಮ್ಮ ಆಟದ ಮಧ್ಯೆ ಬರುವುದಕ್ಕೆ ನೀನಾರೆಂದು ಕೇಳಿದ. ನೀನಾರು ಎಂಬ ಮರುಪ್ರಶ್ನೆಗೆ, ತನ್ನ ಹೆಸರು ಮಿಕೇಲೆ ಮಗೋನೆ ಎಂದೂ, ತಾನು ಈ ಪಡೆಯ ದಳಪತಿಯೆಂದೂ ಉತ್ತರ ಕೊಟ್ಟ. ದಳಪತಿಗೆ ಆಗ ಹನ್ನೆರಡು ವರ್ಷ ತುಂಬಿದ್ದಿತು.

ಗಾಡಿ ಬರುವುದಕ್ಕೆ ಕೆಲವೇ ನಿಮಿಷಗಳಿದ್ದುವು. ಆ ಕೆಲವು ನಿಮಿಷಗಳಲ್ಲಿ ತಿಳಿದುದಿಷ್ಟು. ತಂದೆ ಸತ್ತಿದ್ದಾನೆ. ತಾಯಿ ಕೂಲಿ ಮಾಡಿ ಸಾಕುತ್ತಾಳೆ. ಶಾಲೆಯಿಂದ ಹೊರಕ್ಕೆ ಹಾಕಿದ್ದಾರೆ. ಹೀಗೆಯೇ ಇದ್ದರೆ ಮುಂದೇನು ಎಂಬುದು ಹುಡುಗನಿಗೇ ಗೊತ್ತಿಲ್ಲ. ಆದರೆ ತನ್ನ ಜೊತೆಯವರಲ್ಲಿ ಕೆಲವರು ಆಗಲೇ ಸೆರೆಮನೆಯಲ್ಲಿದ್ದಾರೆಂಬುದೂ ತನಗೂ ಅದೇ ಗತಿಯೆಂಬುದೂ ಅವನಿಗೆ ಗೊತ್ತು. ಈ ಬಾಳನ್ನು ಬಿಡುವ ಮನಸ್ಸಿದೆಯೆ ಎಂದು ಕೇಳಿದರೆ ಇದೆ, ಆದರೆ ಹೇಗೆಂದು ತಿಳಿಯದು. ನಾವು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕೇರಿಯ ಪುಂಡನಿಗೆ ತನ್ನ ದಾರಿ ಎಲ್ಲಿ ಮುಟ್ಟುತ್ತದೆಂಬುದು ತಿಳಿಯದೆಂದು ನಾವು ಭಾವಿಸುತ್ತೇವೆ. ಆದುದರಿಂದ ಅದನ್ನೇ ಮತ್ತೆ ಮತ್ತೆ ಹೇಳುತ್ತೇವೆ. ಅವನಿಗೆ ಅದು ನಮಗಿಂತ ಚೆನ್ನಾಗಿ ತಿಳಿದಿರುತ್ತದೆ. ತಿಳಿಯದಿರುವುದು ಹೊರಗೆ ಬರುವ ದಾರಿ.

ಡಾನ್ ಬಾಸ್ಕೊ ಅವನ ಕೈಯಲ್ಲಿ ಒಂದು ಸಣ್ಣ ಪದಕವನ್ನಿಟ್ಟು, ಇದನ್ನು ಕೊಟ್ಟವನು ಯಾರೆಂದು ನಿಮ್ಮೂರಿನ ಪಾದ್ರಿಯನ್ನು ಕೇಳು ಎಂದು ಹೇಳಿ ಗಾಡಿಯೇರಿದ. ಅಲ್ಲಿಗೆ ಬಿಡಲಿಲ್ಲ, ಆ ಪಾದ್ರಿಯಿಂದ ಹುಡುಗನ ವಿಚಾರವನ್ನು ತರಿಸಿಕೊಂಡ. ಬಂದ ಉತ್ತರವನ್ನು ನಮ್ಮ ಯಾವ ಉಪಾಧ್ಯಾಯರಾದರೂ ಬರೆಯಬಹುದಾಗಿತ್ತು: ಬುದ್ಧಿ ಚುರುಕು, ಆದರೆ ಚಂಚಲ, ತರಗತಿಯಲ್ಲಿ ಇವನಿದ್ದರೆ ಗಲಾಟೆ, ಇವನಿಲ್ಲದಿದ್ದರೆ ಶಾಂತಿ, ಹೃದಯ ಒಳ್ಳೆಯದು, ಪಳಗಿಸುವುದು ಕಷ್ಟ. ಇದೇ ಪ್ರಮಾಣಪತ್ರದ ಮೇಲೆ ಅವನನ್ನು ವಾಲ್ದೊಕ್ಕೊಗೆ ಸೇರಿಸಿಕೊಂಡರು. ಬೇರೆ ಕಡೆಗಳಲ್ಲಿ ಇದರ ಮೇಲೆಯೇ ಸೇರಿಸಿಕೊಳ್ಳುತ್ತಿರಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ.

ಹೋದ ದಿನವೇ ಹುಡುಗ ಬದಲಾದನೆ? ಇಲ್ಲ. ಮೊದಲನೆಯ ತಿಂಗಳೆಲ್ಲ ಅವನಿಗೆ ಆಟವೊಂದೇ ರುಚಿಸಿತು. ಗಂಟೆ ಹೊಡೆದೊಡನೆಯೇ ಫಿರಂಗಿಯ ಗುಂಡಿನಂತೆ ಹೊರಕ್ಕೆ ಹಾರುತ್ತಿದ್ದನಂತೆ. ಅವನನ್ನು ಯಾರೂ ಕಟ್ಟಿಹಾಕಲಿಲ್ಲ. ಅವನಿಗಿಂತ ದೊಡ್ಡ ಹುಡುಗನೊಬ್ಬನನ್ನು ಜೊತೆಗೆ ಬಿಟ್ಟಿದ್ದರು. ಕೆಟ್ಟ ಮಾತನಾಡಿದರೆ ಮೆಲ್ಲನೆ ತಿದ್ದುವುದು, ತಪ್ಪಿದರೆ ಎಚ್ಚರಿಸುವುದು, ಅಷ್ಟೆ. ಸೋಜಿಗವೆಂದರೆ ಮಗೋನೆ ಪ್ರತಿ ಸಲವೂ ಅವನಿಗೆ ವಂದನೆ ಹೇಳುತ್ತಿದ್ದ. ಆಮೇಲೆ ಇದ್ದಕ್ಕಿದ್ದಂತೆ ದಳಪತಿ ಮಂಕಾದ. ಆಟ ಬೇಡವಾಯಿತು, ಮೂಲೆಯಲ್ಲಿ ಕುಳಿತು ಅಳತೊಡಗಿದ. ಸುತ್ತಲಿನ ಹುಡುಗರು ನಿರ್ಮಲ ಮನಸ್ಸಿನಿಂದ ಪ್ರಾರ್ಥನೆ ಮಾಡುವುದನ್ನು ನೋಡಿ, ತಾನು ಮಾತ್ರ ಅದಕ್ಕೆ ಅಯೋಗ್ಯನೆಂಬ ಸಂಕಟ ಅವನನ್ನು ಹಿಡಿದಿದ್ದಿತು. ಡಾನ್ ಬಾಸ್ಕೊ ಕರೆದು ವಿಚಾರಿಸಿದರೆ ಮೊದಲು ಬಾಯಿಬಿಡಲಿಲ್ಲ. ಒತ್ತಾಯವನ್ನೂ ಮಾಡಲಿಲ್ಲ. ಕೊನೆಗೆ ಅವರ ಮತದ ಕ್ರಮದಂತೆ ಹುಡುಗನು ತನ್ನ ಹಳೆಯ ತಪ್ಪುಗಳನ್ನೆಲ್ಲ ಒಪ್ಪಿಕೊಂಡು ಹಗುರಾದ. ಅಲ್ಲಿಂದ ಮುಂದೆ ಅವನು ಗೆಲುವಾದ, ಆಟಕ್ಕೆ ಮರಳಿದ, ಪಾಠದಲ್ಲಿ ಮುಂದಾದ, ಚಿಕ್ಕ ಹುಡುಗರ ಹಾಸಿಗೆ ಸರಿಪಡಿಸಿದ, ಪಾದರಕ್ಷೆ ಒರಸಿಕೊಟ್ಟ, ಕಾಯಿಲೆಯವರ ಬಳಿ ಕುಳಿತ.

ಆದರೆ ಹಳೆಯ ಮಗೋನೆ ಸತ್ತುಹೋದನೆಂದು ತಿಳಿಯಬೇಡಿ. ಒಂದು ದಿನ ಡಾನ್ ಬಾಸ್ಕೊನ ಜೊತೆಯಲ್ಲಿ ಟುರಿನ್ನಿನ ದೊಡ್ಡ ಚೌಕದಲ್ಲಿ ಹೋಗುತ್ತಿದ್ದಾಗ, ಯಾವನೋ ಬೀದಿಯ ಹುಡುಗ ದೇವರ ಹೆಸರು ಹಿಡಿದು ಬೈದದ್ದು ಇವನ ಕಿವಿಗೆ ಬಿತ್ತು. ಹಾರಿ ಹೋಗಿ ಅವನ ಕೆನ್ನೆಗೆ ಎರಡು ಬಾರಿಸಿದ. ಅವನೂ ಸುಮ್ಮನಿರಲಿಲ್ಲ. ಡಾನ್ ಬಾಸ್ಕೊ ಮಧ್ಯೆ ಬಂದು ಬಿಡಿಸಿ, ರಾಜಿ ಮಾಡಿಸಬೇಕಾಯಿತು. ಈ ಸಂಗತಿಯನ್ನು ನಮಗೆ ತಿಳಿಸಿರುವವನು ಡಾನ್ ಬಾಸ್ಕೊನೇ. 1861ರಲ್ಲಿ ಆತನು ಮಗೋನೆಯ ಚಿಕ್ಕದೊಂದು ಚರಿತ್ರೆಯನ್ನು ಬರೆದು ಅಚ್ಚುಮಾಡಿಸಿದ. ಹುಡುಗರು ಓದಿ ಅನುಸರಿಸಲೆಂದು ಬರೆದ ಪುಸ್ತಕವದು; ಆದುದರಿಂದ ಅದರಲ್ಲಿ ಗುಣಗಳಿಗೆ ಸ್ವಲ್ಪ ಹೆಚ್ಚಾಗಿಯೇ ಮೆರುಗು ಕೊಟ್ಟಿರುವುದು ಸಹಜ. ಹಾಗಿದ್ದರೂ ಆ ಎರಡು ಏಟುಗಳನ್ನು ಬರೆದವನು ಒರಸಿಹಾಕಲಿಲ್ಲ. ನಮಗೆ ಆ ಪುಸ್ತಕದ ಮೇಲೆ ನಂಬಿಕೆ ಬರುವುದು ಆ ಪುಟದಲ್ಲಿಯೇ.

ಮಗೋನೆ ಬಹುಕಾಲ ಬದುಕಲಿಲ್ಲ. 1859ರ ಜನವರಿ 21ರಂದು, ಹದಿನಾಲ್ಕು ವರ್ಷ ತುಂಬುವ ಮೊದಲೇ, ಕೆಲವು ದಿನಗಳ ಕಾಯಿಲೆಯಿಂದ ತೀರಿಕೊಂಡ. ಬದುಕಿದ್ದರೆ ಏನಾಗುತ್ತಿದ್ದನೆಂದು ಹೇಳಬಲ್ಲವರು ಯಾರು? ಅವನು ವಾಲ್ದೊಕ್ಕೊದಲ್ಲಿದ್ದುದು ಸುಮಾರು ಹದಿನೈದು ತಿಂಗಳು ಮಾತ್ರ.

ಈಗ ವಿಧಾನದ ಮಾತು. 1877ರಲ್ಲಿ ಡಾನ್ ಬಾಸ್ಕೊ ತನ್ನ ಶಿಕ್ಷಣಕ್ರಮವನ್ನು ಕುರಿತು ಕೆಲವೇ ಪುಟಗಳ ಒಂದು ಪ್ರಬಂಧವನ್ನು ಬರೆದ. ಲೋಕದಲ್ಲಿ ಎರಡು ಕ್ರಮಗಳುಂಟು: ತಪ್ಪು ಮಾಡುವವರೆಗೆ ಕಾದು ದಂಡಿಸುವುದು ಒಂದು, ತಪ್ಪು ಮಾಡುವ ಸಂದರ್ಭವೇ ಬಾರದಂತೆ ಜೊತೆಯಲ್ಲಿರುವುದು ಇನ್ನೊಂದು. ಎರಡನೆಯದನ್ನು ಅವನು ಹಿಡಿದ. ವಿವೇಕ, ಧರ್ಮ, ವಾತ್ಸಲ್ಯ ಈ ಮೂರು ಅದರ ಕಂಬಗಳು. ಹೊಡೆತ ಕೂಡದು. 1884ರಲ್ಲಿ ರೋಮಿನಿಂದ ತನ್ನವರಿಗೆ ಬರೆದ ಕಾಗದವೊಂದರಲ್ಲಿ, ಮಕ್ಕಳನ್ನು ಪ್ರೀತಿಸಿದರೆ ಸಾಲದು, ತಾವು ಪ್ರೀತಿಗೆ ಪಾತ್ರರೆಂಬುದು ಮಕ್ಕಳಿಗೆ ತಿಳಿಯಬೇಕು ಎಂಬ ಅಭಿಪ್ರಾಯವನ್ನು ಅವನು ಹೇಳಿದ್ದಾನೆ. ಆ ವೇಳೆಗೆ ಅವನ ಸಂಸ್ಥೆ ದೊಡ್ಡದಾಗಿತ್ತು. ಉಪಾಧ್ಯಾಯರು ಆಟದ ಬಯಲಿಗೆ ಇಳಿಯುವುದನ್ನು ಬಿಟ್ಟು ದೂರದಲ್ಲಿ ನಿಂತು ನೋಡತೊಡಗಿದ್ದರು. ಮುದುಕನಿಗೆ ಅದೇ ನೋವು. ಕಾಲೇಜಿನಲ್ಲಿ ಪಾಠ ಹೇಳುವ ನಮ್ಮಂಥವರಿಗೆ ಈ ಕಾಗದ ಅಷ್ಟೇನೂ ಸುಖಕರವಾದ ಓದಲ್ಲ.

ಹುಡುಗನಿಗೆ ಕಸಬು ಬೇಡವೆ? ಬೇಕು. ಅದನ್ನೂ ಅವನು ಮರೆಯಲಿಲ್ಲ. 1852ರ ಫೆಬ್ರವರಿಯಲ್ಲಿ ಒಬ್ಬ ಬಡಗಿಯೊಡನೆ ಮಾಡಿಕೊಂಡ ಕರಾರುಪತ್ರ ಇಂದಿಗೂ ಉಳಿದಿದೆ. ಯಜಮಾನನು ಗೊತ್ತಾದ ಅವಧಿಯೊಳಗೆ ಕೆಲಸ ಕಲಿಸಬೇಕು. ತಪ್ಪನ್ನು ಮಾತಿನಿಂದ ತಿದ್ದಬೇಕೇ ಹೊರತು ಕೈಯಿಂದಲ್ಲ. ಕಸಬಿಗೆ ಸಂಬಂಧವಿಲ್ಲದ ಚಾಕರಿ ಹೇಳಕೂಡದು. ಹಬ್ಬದ ದಿನ ಬಿಡುವು ಕೊಡಬೇಕು. ವಾರವಾರ ಸಂಬಳ ಕೊಡಬೇಕು. ಹುಡುಗನ ತಂದೆಯ ಜೊತೆಗೆ ಪಾದ್ರಿಯೂ ಇದಕ್ಕೆ ರುಜು ಹಾಕಿದ್ದಾನೆ. ಹೋಟೆಲುಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಚಿಕ್ಕ ಹುಡುಗರನ್ನು ನಾವು ಹೇಗೆ ದುಡಿಸಿಕೊಂಡೆವೆಂಬುದನ್ನು ನೆನೆದರೆ, ಈ ಕಾಗದಕ್ಕೆ ಎಂತಹ ಬೆಲೆಯೆಂಬುದು ತಿಳಿಯುತ್ತದೆ. ನೂರು ಉಪದೇಶಗಳಿಗಿಂತ ಆ ಒಂದು ಛಾಪಾ ಕಾಗದ ಮೇಲೆಂದು ನಮಗೆ ತೋರುತ್ತದೆ.

ಇಷ್ಟು ಹೇಳಿದ ಮೇಲೆ, ಶ್ರೋತೃಗಳಲ್ಲಿ ಅನೇಕರ ಮನಸ್ಸಿನಲ್ಲಿ ಎದ್ದಿರಬಹುದಾದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವುದು ನ್ಯಾಯವಲ್ಲ. ಇದು ಹುಡುಗನ ಉದ್ಧಾರವೋ, ಮತಪ್ರಚಾರವೋ? ಟುರಿನ್ನಿನಲ್ಲಿ ಈ ತೊಡಕು ಬಹುಮಟ್ಟಿಗೆ ಇರಲಿಲ್ಲ. ಹುಡುಗರು ಹುಟ್ಟಿನಿಂದಲೇ ಆ ಮತದವರು, ಪಾದ್ರಿ ಅವರನ್ನು ಅವರದೇ ದೇವಾಲಯಕ್ಕೆ ಕರೆದ. ನಮ್ಮ ದೇಶದಲ್ಲಿ ಹಾಗಲ್ಲ. ಹಸಿದು ಬಂದ, ಬೇರೆ ಗತಿಯಿಲ್ಲದ ಮಗು ಯಾವ ಮತಕ್ಕೆ ಹೂಂ ಎಂದರೂ ಆ ಒಪ್ಪಿಗೆಗೆ ತೂಕವಿಲ್ಲವೆಂದು ನಮ್ಮ ಅಭಿಪ್ರಾಯ. ಸರ್ಕಾರದ ಮನ್ನಣೆಯನ್ನೋ ಸಹಾಯವನ್ನೋ ಪಡೆದ ವಿದ್ಯಾಸಂಸ್ಥೆಗಳಲ್ಲಿ, ಪೋಷಕರ ಸಮ್ಮತಿಯಿಲ್ಲದೆ ಮಕ್ಕಳನ್ನು ಧರ್ಮಬೋಧೆಗೆ ಕೂಡಿಸಕೂಡದೆಂದು ನಮ್ಮ ಸಂವಿಧಾನದ 28ನೆಯ ಅನುಚ್ಛೇದವೂ ಹೇಳುತ್ತದೆ. ಇನ್ನೊಂದು ಮಾತನ್ನೂ ಮುಚ್ಚಿಡಲಾಗದು. ಇಂತಹ ಮಕ್ಕಳನ್ನು ನೋಡಿಕೊಳ್ಳುತ್ತೇವೆಂದು ಒಪ್ಪಿಕೊಂಡ ಕ್ರೈಸ್ತ ಸಂಸ್ಥೆಗಳಲ್ಲಿಯೇ ಮಕ್ಕಳು ಘೋರವಾದ ಹಿಂಸೆಗೆ ಗುರಿಯಾದುದು ಕೆಲವು ದೇಶಗಳಲ್ಲಿ ಬಯಲಾಯಿತು. ಐರ್ಲೆಂಡಿನ ವಿಚಾರಣಾ ಆಯೋಗ 2009ರಲ್ಲಿ ಪ್ರಕಟಿಸಿದ ವರದಿ ಅದಕ್ಕೆ ಸಾಕ್ಷಿ. ವಾತ್ಸಲ್ಯವೆಂಬ ಹೆಸರಿನ ಹಿಂದೆ ಯಾರು ಬೇಕಾದರೂ ನಿಲ್ಲಬಹುದು. ಮಕ್ಕಳ ಜೊತೆಯಲ್ಲಿರುವವರ ಮೇಲೆಯೂ ಕಣ್ಣಿಡುವವರು ಬೇಕು.

ನಮ್ಮಲ್ಲಿಯೂ ಮಕ್ಕಳಿಗೆ ಅನ್ನ ವಿದ್ಯೆಗಳ ದಾನವೇನೂ ಹೊಸದಲ್ಲ. ವಾರಾನ್ನದ ಮನೆಗಳು ಎಷ್ಟು ಮಂದಿ ವಿದ್ವಾಂಸರನ್ನು ಸಾಕಿಲ್ಲ! ಸಿದ್ಧಗಂಗೆಯಂತಹ ಮಠಗಳು ಸಾವಿರಾರು ಬಡ ಮಕ್ಕಳಿಗೆ ಆಶ್ರಯ ಕೊಟ್ಟಿವೆ. ಆದರೆ ವಾರಾನ್ನಕ್ಕೆ ಬರುವ ಹುಡುಗ ವಿದ್ಯೆಯನ್ನು ಬಯಸಿ ತಾನಾಗಿ ಬಾಗಿಲಿಗೆ ಬಂದವನು. ನಾವು ಹೇಳುತ್ತಿರುವ ಹುಡುಗ ಬರುವುದಿಲ್ಲ. ಬಂದರೂ ಹೊದಿಕೆಯನ್ನು ಎತ್ತಿಕೊಂಡು ಹೋಗುತ್ತಾನೆ. ಅವನಿದ್ದಲ್ಲಿಗೆ ಹೋಗಬೇಕಾದವರು ದೊಡ್ಡವರು. ಡಾನ್ ಬಾಸ್ಕೊನ ಕೆಲಸದಲ್ಲಿ ಹೊಸತೇನಾದರೂ ಇದ್ದರೆ ಅದು ಇದೇ.

ಅವನು 1859ರಲ್ಲಿ ಸ್ಥಾಪಿಸಿದ ಸಲೇಸಿಯನ್ ಸಂಘದವರು 1906ರಲ್ಲಿ ತಂಜಾವೂರಿಗೆ ಬಂದು ಭಾರತದಲ್ಲಿ ಕಾಲಿಟ್ಟರು. ಬೆಂಗಳೂರಿನಲ್ಲಿ ಆ ಸಂಘದ ಕೆಲವು ವಿದ್ಯಾರ್ಥಿಗಳು 1980ರಲ್ಲಿ ಬೀದಿಯ ಮಕ್ಕಳೊಡನೆ ಕೆಲಸವನ್ನು ಆರಂಭಿಸಿದರು. ಅದಕ್ಕೆ ಇಟ್ಟ ಹೆಸರು ‘ಬೆಂಗಳೂರು ಓಣಿಯವರ ಸೇವಾ ಕೂಟ’. ಇಂಗ್ಲಿಷಿನಲ್ಲಿ ಅದರ ಮೊದಲಕ್ಷರಗಳನ್ನು ಕೂಡಿಸಿದರೆ ಬಾಸ್ಕೊ ಎಂದೇ ಆಗುತ್ತದೆ; ಹೆಸರಿಟ್ಟವರ ಜಾಣ್ಮೆಗೆ ತಲೆದೂಗಬೇಕು. ಮನೆಯಲ್ಲಿ ಏಟು ತಿಂದೋ, ಪರೀಕ್ಷೆಯಲ್ಲಿ ತಪ್ಪಿಯೋ, ಸುಮ್ಮನೆ ಪಟ್ಟಣವನ್ನು ನೋಡುವ ಹುಚ್ಚಿನಿಂದಲೋ ರೈಲು ಹತ್ತಿದ ಮಕ್ಕಳು ಬಂದಿಳಿಯುವುದು ನಿಲ್ದಾಣದಲ್ಲಿ. ಅವರನ್ನು ಮೊದಲು ಮಾತನಾಡಿಸುವವನು ಯಾರು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ಆದುದರಿಂದ ಈ ಕೂಟದವರೂ ಕಾರ್ಮಾನ್ಯೋಲದಲ್ಲಿ ನಡೆದಂತೆ ರೈಲು ನಿಲ್ದಾಣಕ್ಕೇ ಹೋದರು. ಪ್ಲಾಟ್‌ಫಾರಮ್ಮಿನಲ್ಲಿ ಬಾಟಲಿ ಆಯುವ ಹುಡುಗನ ಪಕ್ಕದಲ್ಲಿ ಕುಳಿತು ಅವನ ಪರಿಚಯ ಮಾಡಿಕೊಳ್ಳುವುದು ಮೊದಲು. ಊಟ, ಮಲಗಲು ಜಾಗ, ಕಸಬು, ಸಾಧ್ಯವಾದರೆ ಮನೆಯವರನ್ನು ಹುಡುಕಿ ಅವರೊಡನೆ ಸೇರಿಸುವುದು ಆಮೇಲೆ.

ಈಗ ಇದಕ್ಕೆ ಕಾನೂನಿನ ಬೆಂಬಲವೂ ಉಂಟು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ, ರಕ್ಷಣೆ ಬೇಕಾದ ಮಗು ಸಿಕ್ಕಿದ ಮೇಲೆ, ಪ್ರಯಾಣದ ಹೊತ್ತನ್ನು ಬಿಟ್ಟು, 24 ಗಂಟೆಗಳೊಳಗಾಗಿ ಅದನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತರಬೇಕು. ಮಗುವಿಗೆ ಕಳಂಕ ಹಚ್ಚುವ, ಆರೋಪ ಹೊರಿಸುವ ಶಬ್ದಗಳನ್ನು ಬಳಸಕೂಡದೆಂಬುದೂ ಆ ಕಾಯಿದೆಯ ತತ್ತ್ವಗಳಲ್ಲಿ ಒಂದು. ಮೊದಲಿನಲ್ಲಿ ನಾವು ಹೇಳಿದ ನಾಲ್ಕು ಬಿರುದುಗಳೂ ಅದರಲ್ಲಿ ಬಿದ್ದುಹೋಗುತ್ತವೆ. ನಿಲ್ದಾಣದಲ್ಲಾಗಲಿ ಬೀದಿಯಲ್ಲಾಗಲಿ ಒಂಟಿಯಾಗಿ ತಿರುಗುವ ಮಗು ಕಣ್ಣಿಗೆ ಬಿದ್ದರೆ, 1098 ಎಂಬ ಸಂಖ್ಯೆಗೆ ಯಾರು ಬೇಕಾದರೂ, ಯಾವ ಹೊತ್ತಿನಲ್ಲಿ ಬೇಕಾದರೂ, ಕಾಸು ಖರ್ಚಿಲ್ಲದೆ ದೂರವಾಣಿಯಲ್ಲಿ ತಿಳಿಸಬಹುದು. ಸಹಾಯದವರು ಬರುವವರೆಗೆ ಆ ಮಗುವಿನ ಜೊತೆಯಲ್ಲಿ ಕುಳಿತಿರುವುದು ಮಾತ್ರ ಕರೆದವರ ಪಾಲಿನ ಕೆಲಸ.